ಸೊಂಟದ ಪರೀಕ್ಷೆ

ಸಿಮೆಂಟು ಗೋದಾಮಿನಲ್ಲಿ ಅವನನ್ನು ಎಲ್ಲರೂ ಬಿಲ್ಲಪ್ಪನೆಂದೇ ಕರೆಯುತ್ತಿದ್ದರು. ಮೂಟೆ ಹೊತ್ತು ಹೊತ್ತು ಬೆನ್ನು ಬಿಲ್ಲಾಗಿತ್ತು. ವರ್ಷಗಳಿಂದ ಬಿಡದ ಸೊಂಟನೋವು. ಗೇಟು ಕಾಯುವವನ ಕುರ್ಚಿ ಖಾಲಿಯಾದಾಗಿನಿಂದ ಅವನ ಜೀವವೆಲ್ಲ ಅದರ ಮೇಲೇ ಇತ್ತು. ಮ್ಯಾನೇಜರು ಇಲ್ಲವೆನ್ನಲಿಲ್ಲ. ಫಿಸಿಯೋಥೆರಪಿ ಮೇಡಂ ತಮ್ಮೆದುರಿಗೇ ಸೊಂಟಕ್ಕೆ ಯಂತ್ರದ ಕರೆಂಟು ಕೊಟ್ಟು ನೋಡಲಿ, ನೋವು ನಿಜವೆಂದಾದರೆ ಕುರ್ಚಿ ಅವನದೇ ಎಂದರು.

ಪರೀಕ್ಷೆಯ ಹಿಂದಿನ ಸಂಜೆ ಗೋದಾಮಿನ ಮೇಸ್ತ್ರಿ ಮನೆಗೆ ಬಂದ. ಅವನು ಬಿಲ್ಲಪ್ಪನ ಹೆಂಡತಿಯ ಅಣ್ಣ. ತಂಗಿ ಕೊಟ್ಟ ಚಹಾ ಹೀರುತ್ತ ಅವಳ ಗಂಡನಿಗೆ ಉಪಾಯ ಹೇಳಿಕೊಟ್ಟ: ಯಂತ್ರ ಹಚ್ಚಿದಾಗ ಹಾಯೆನಿಸಿತು ಎನ್ನಬೇಕು, ಯಾವುದಕ್ಕೂ ಬಗ್ಗದ ನೋವೆಂದರೆ ನಾಟಕವೆಂದುಕೊಳ್ಳುತ್ತಾರೆ. ಭಾವ ತನ್ನ ಪರ ನಿಂತನಲ್ಲ ಎಂದು ಬಿಲ್ಲಪ್ಪ ತನ್ನ ಪಾಲಿನ ಚಹಾವನ್ನೂ ಅವನ ಲೋಟಕ್ಕೇ ಬಗ್ಗಿಸಿದ.

ಮರುದಿನ ಆಫೀಸಿನ ಹಿಂದಿನ ಕೋಣೆಯಲ್ಲಿ ಅವನು ಬೋರಲಾಗಿ ಮಲಗಿದ. ಮ್ಯಾನೇಜರು ಎದುರಿಗೆ ಕೂತಿದ್ದರು, ಮೇಸ್ತ್ರಿ ಯಂತ್ರದ ಪಕ್ಕ ನಿಂತಿದ್ದ. ಮೇಡಂ ಸೊಂಟದ ಎರಡೂ ಬದಿಗೆ ಪ್ಯಾಡು ಅಂಟಿಸಿದಳು. ಯಂತ್ರದ ದೀಪ ಹತ್ತಿತು. ಹಿಂದೆ ಇದನ್ನು ಹಚ್ಚಿದಾಗಲೆಲ್ಲ ಇರುವೆ ಹರಿದಂತಾಗಿ ನೋವು ತುಸು ಹೊತ್ತು ಮಂಕಾಗುತ್ತಿತ್ತು. ಇಂದು ಏನೂ ಹರಿಯಲಿಲ್ಲ. ಕತ್ತು ಹೊರಳಿಸಿ ನೋಡಿದ. ಮೇಸ್ತ್ರಿ, ಹೇಳು ಎನ್ನುವಂತೆ ತಲೆಯಾಡಿಸಿದ.

"ಹಾಯಾಗಿದೆ ಮೇಡಂ. ಅರ್ಧ ನೋವು ಇಳಿದೇಹೋಯ್ತು."

ಮೇಸ್ತ್ರಿ ಪ್ಯಾಡುಗಳ ತಂತಿಯ ತುದಿಯನ್ನು ಎತ್ತಿ ಮ್ಯಾನೇಜರ ಮುಂದೆ ಹಿಡಿದ. ಅದು ಯಂತ್ರಕ್ಕೆ ಸೇರಿರಲೇ ಇಲ್ಲ. ಸಿಕ್ಕಿಸಬೇಡಿರೆಂದು ಮೇಡಂಗೆ ಅವನೇ ಮೊದಲೇ ಹೇಳಿಟ್ಟಿದ್ದ.

"ನೋಡಿ ಸಾರ್. ಬರೀ ದೀಪ ನೋಡಿ ವಾಸಿಯಾಗೋ ನೋವು ಇವನದು."

ವಾಸಿಯಾದೀತೆಂಬ ನಂಬಿಕೆಯಿಂದ ನಿಜವಾದ ನೋವೂ ಇಳಿಯುವುದುಂಟು ಎಂದು ಮೇಡಂ ಶುರುಮಾಡಿದಳು; ಮ್ಯಾನೇಜರು ಗಡಿಯಾರ ನೋಡಿಕೊಂಡದ್ದು ಕಂಡು ಪ್ಯಾಡು ಕೀಳತೊಡಗಿದಳು.

"ಭಾವ, ನೀವೇ ಹೇಳಿಕೊಟ್ಟಿದ್ದಲ್ವಾ?" ಎಂದ ಬಿಲ್ಲಪ್ಪ, ಅಂಗಿಯ ತೋಳು ಹುಡುಕುತ್ತ.

"ಹೇಳಿದ್ದಕ್ಕೆಲ್ಲ ಹೂಂ ಅನ್ನೋನು ನೀನು ಗೇಟು ಕಾಯ್ತೀಯಾ? ಕಳ್ಳ ಬಂದು ಬಾಗಿಲು ತೆಗಿ ಅಂದ್ರೆ ತೆಗೆದು, ಮೂಟೆ ಹೊರೋಕೂ ಕೈ ಜೋಡಿಸ್ತೀಯ."

ಮ್ಯಾನೇಜರು ನಕ್ಕರು. ಒಬ್ಬನಿಗೆ ಕುರ್ಚಿ ಕೊಟ್ಟರೆ ನಾಳೆ ಗೋದಾಮಿನ ಸೊಂಟಗಳೆಲ್ಲ ನೋಯತೊಡಗುತ್ತವೆ ಎನ್ನುತ್ತ ಎದ್ದು, ಮೇಸ್ತ್ರಿಯ ಬೆನ್ನು ತಟ್ಟಿ ಹೊರಟರು.

ಮಧ್ಯಾಹ್ನ ಬಿಲ್ಲಪ್ಪನ ಹೆಗಲಿಗೆ ಮೂಟೆಯೇರಿಸಿದವನು ಮೇಸ್ತ್ರಿಯೇ. ಲಾರಿಗೆ ಹತ್ತುವ ಹಲಗೆಯ ನಡುವೆ ಸೊಂಟ ಹಿಡಿದುಕೊಂಡು ಉಸಿರು ಸಿಕ್ಕಿಬಿದ್ದಿತು. ಅವನು ನಿಂತ, ಹಿಂದಿನ ಸಾಲೂ ನಿಂತಿತು.

"ಯಾಕೋ ಬಿಲ್ಲಪ್ಪ, ದೀಪ ಆರಿಹೋಯ್ತಾ?" ಎಂದ ಹಿಂದಿದ್ದವನು.

ಬೆಳಗಿನ ಕತೆ ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು; ಸಾಲಿಗೆ ಸಾಲೇ ನಕ್ಕಿತು. ನೋಯುತ್ತಿದೆಯೆಂದು ಅವನು ಇನ್ನು ಯಾರಿಗೂ ಹೇಳುವಂತಿರಲಿಲ್ಲ. ತಾನೂ ನಕ್ಕಂತೆ ಮಾಡಿ ಇನ್ನೊಂದು ಹೆಜ್ಜೆ ಕಿತ್ತಿಟ್ಟ.