ಹಸಿರು ಸೀರೆಗೆ ಎರಡೇ ಶಾಯಿ

ದೇವರು ಈ ಲೋಕ ಬರೆಯುವಾಗ ಬಣ್ಣಕ್ಕೆ ಕೈ ಬಿಗಿಹಿಡಿದವನಲ್ಲ. ಕೈ ಬಿಗಿಹಿಡಿಯುವವರು ಸಂಘದ ಸಮಿತಿಯವರು. ನಾಲ್ಕು ಬಣ್ಣದ ಮುದ್ರಣ ದುಬಾರಿಯೆಂದು ಕೋಲ್ಕತ್ತೆಯ ಆ ಪುಟ್ಟ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಗೆ ಎರಡೇ ಶಾಯಿ ಎಂದಾಯಿತು. ಯಾವೆರಡು ಎಂಬ ಮಾತು ಬಂದಾಗ ಅಧ್ಯಕ್ಷ ನರಹರಿಯವರು ಮೇಜು ಗುದ್ದಿದರು: "ಹಳದಿ, ಕೆಂಪು! ನಮ್ಮ ಬಾವುಟದ ಬಣ್ಣ. ಬೇರೆ ಮಾತೇ ಬೇಡ."

ಎಲ್ಲರ ಜೊತೆ ಕೃಷ್ಣವೇಣಮ್ಮನೂ ಚಪ್ಪಾಳೆ ತಟ್ಟಿ ಬಂದಿದ್ದರು. ರೇಲ್ವೆ ನೌಕರಿಯ ಗಂಡ ಪ್ರಾಣೇಶರಾಯರ ಹಿಂದೆ ಧಾರವಾಡದಿಂದ ಬಂದಂದಿನಿಂದ ಸಂಘದ ಹಬ್ಬದ ಹೋಳಿಗೆಯೆಲ್ಲ ಅವರ ಕೈಯದೇ. ಅದಕ್ಕಾಗಿ ಈ ಸಲ ಅವರಿಗೆ ಸನ್ಮಾನ, ಸಂಚಿಕೆಯ ಮುಖಪುಟದಲ್ಲಿ ಫೋಟೋ. ಬನಶಂಕರಿಗೆ ಉಡಿ ತುಂಬುವಾಗ ಉಡುವ ಹಸಿರು ಇಳಕಲ್ ಸೀರೆಯನ್ನೇ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಫೋಟೋಕ್ಕೆ ಕೂತಿದ್ದರು.

ಲೇಕ್ ಮಾರ್ಕೆಟ್ಟಿಗೆ ಕರಿಬೇವು ಕೊಳ್ಳಲು ಹೋದ ದಿನ ಗಂಡಹೆಂಡತಿ ಅಂಗಡಿಯ ಮೇಲೆ, ಸಂಚಿಕೆ ಸಿದ್ಧಮಾಡುತ್ತಿದ್ದ ಹುಡುಗಿ ಶ್ರಾವ್ಯಾಳ ಕೋಣೆಗೂ ಹತ್ತಿದರು. ಅವಳ ಓರಗೆಯವರೆಲ್ಲ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗಳ ಬಸ್ಸು ಹತ್ತುತ್ತಿದ್ದ ಕಾಲ. ಇವಳು ಮಾತ್ರ ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾಗದ, ಸಂಚಿಕೆ ಅಂತ ಪುಟ ಕಟ್ಟುತ್ತ ಕೂತಿದ್ದಳು.

ಪರದೆ ನೋಡಿದ ಕೃಷ್ಣವೇಣಮ್ಮನ ಕೈಯಿಂದ ಕರಿಬೇವಿನ ಚೀಲ ಜಾರಿತು. "ಏನವಾ ಇದು? ನನ್ನ ಸೀರಿ ಯಾಕ ಕಾವಿ ಆಗೇದ?"

"ಅಜ್ಜಿ, ಫೋಟೋಶಾಪಿಗೆ ಹೊಸ ಪ್ಲಗ್-ಇನ್ ಹಾಕಿದೀನಿ. ಎರಡು ಇಂಕ್ ಯಾವ್ದು ಅಂತ ಹೇಳಿದ್ರೆ ಫೋಟೋದ ಬಣ್ಣಾನ ಎರಡು ಭಾಗ ಮಾಡತ್ತೆ, ಪ್ರೆಸ್ಸಲ್ಲಿ ಹೇಗೆ ಬರತ್ತೆ ಅಂತ ಮೊದಲೇ ತೋರಿಸತ್ತೆ. ಹಳದಿ-ಕೆಂಪಲ್ಲಿ ಗ್ರೀನ್ ಎಲ್ಲಿಂದ ತರ್ಲಿ, ಬೋಲೋ?"

ಪ್ರಾಣೇಶರಾಯರು ಕನ್ನಡಕ ಏರಿಸಿ ನೋಡಿದರು. "ಭಾಳ ಛಲೋ ಆತು ಬಿಡು. ಇನ್ನ ನಾ ಉಳ್ಳಾಗಡ್ಡಿ ಭಜಿ ತಿಂದ್ರ ಕೇಳಾವ್ರಿಲ್ಲ. ಸನ್ಯಾಸಿನಿಗೆ ಸಂಸಾರದ ಚಿಂತಿ ಎಲ್ಲಿದು?"

"ಗಂಡ ಗುಂಡಕಲ್ಲಿನ್ಹಂಗ ಎದುರಿಗೆ ಕೂತಾನ, ನಾ ಕಾವಿ ಉಡ್ಲೇನು? ಈ ಪುಸ್ತಕ ಧಾರವಾಡಕ್ಕ ಹೋದ್ರ ನಮ್ಮಣ್ಣ ಎದಿ ಒಡಕೋತಾನ!"

ನಗೆಮಾತಿನಂತೆ ಅಂದರೂ ಕೃಷ್ಣವೇಣಮ್ಮ ಕೈಯ ಬಳೆ ಮುಟ್ಟಿ ನೋಡಿಕೊಂಡರು. ಮುತ್ತೈದೆಯ ಹಸಿರೆಂದರೆ ಬರೀ ಬಣ್ಣವೇ? ಬನಶಂಕರಿ ತಾಯಿ ಕೊಟ್ಟ ಭಾಗ್ಯ. ಅದನ್ನು ಊರ ಮುಂದೆ ಕಳಚಿ ಇಟ್ಟಂತಲ್ಲವೇ ಇದು?

"ಹಸಿರು, ಕುಂಕುಮದ ಕೆಂಪು ಹಾಕಿ ನೋಡವಾ."

ಶ್ರಾವ್ಯಾ ಒತ್ತಿದಳು. ಎಳೆ ಬಾಳೆಯ ಸುಳಿಯಂತೆ ಸೀರೆ ಹಸಿರಾಯಿತು. ಎರಡು ಶಾಯಿ ಒಂದರ ಮೇಲೊಂದು ಬಿದ್ದ ಕಡೆ ಕಪ್ಪಾಗಿ, ಕೂದಲೂ ಕಣ್ಣೂ ಜೀವ ತಳೆದವು. ಆದರೆ ನರಹರಿಯವರಿಗೆ ಹೇಳುವವರು ಯಾರು? ಆ ಮನುಷ್ಯನಿಗೆ ಬೇಡವೆಂದರೆ ಬೇಕೆನ್ನುವ ಜಾತಕ.

ಆಗಲೇ ಕೃಷ್ಣವೇಣಮ್ಮನ ಕಣ್ಣು ಪಕ್ಕದ ಪುಟಕ್ಕೆ ಹೋಯಿತು. ಅಧ್ಯಕ್ಷರ ಸಂದೇಶ, ಅದರ ಮೇಲೆ ಅಧ್ಯಕ್ಷರು. ತಪ್ಪದೆ ಡೈ ಕಾಣುವ ಕಾಡಿಗೆಗಪ್ಪು ಕೂದಲು, ಕಾಡಿಗೆಗಪ್ಪು ಮೀಸೆ.

"ಇವ್ರನ್ನ ಹಳದಿ-ಕೆಂಪಿನ್ಯಾಗ ಅದ್ದಿ ನೋಡಿಯೇನು?"

ಶ್ರಾವ್ಯಾ ಅದ್ದಿದಳು. ಮರುಕ್ಷಣ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಅವರಿಗೆ ಫೋನ್ ಮಾಡಿ ಬರಾಕ ಹೇಳು. ನಾ ಮೂಲ್ಯಾಗ ಜಪಾ ಮಾಡ್ತೀನಿ, ಒಂದು ಮಾತೂ ಆಡೂದಿಲ್ಲ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

ನರಹರಿಯವರು ಬಂದರು, ನೋಡಿದರು. "ಇದ್ಯಾರಮ್ಮ ಇದು?"

"ನೀವೇ ಅಂಕಲ್."

ತಲೆ, ಹುಬ್ಬು, ಮೀಸೆ ಎಲ್ಲ ಹಣ್ಣುಮೆಣಸಿನಕಾಯಿ ಕೆಂಪು. ಆಡುವುದಿಲ್ಲವೆಂದ ಕೃಷ್ಣವೇಣಮ್ಮನ ಬಾಯಿ ತಡೆಯಲಿಲ್ಲ. "ಮದರಂಗಿ ಭಾಳ ಛಲೋ ಹತ್ತೇದ್ರಿ. ಹಿಂಗ ಕೆಂಪಗ ಹತ್ತಿದ್ರ ಮನಿಯವರ ಪ್ರೀತಿ ಭಾಳ ಅಂತಾರ."

ನರಹರಿಯವರಿಗೆ ಪ್ರೀತಿ ಬೇಕಿರಲಿಲ್ಲ, ಕಪ್ಪು ಬೇಕಿತ್ತು. "ಅಲ್ಲಮ್ಮಾ ಶ್ರಾವ್ಯಾ, ಸ್ವಲ್ಪ ಗಂಭೀರವಾಗಿ ಬರೋ ಹಾಗೆ ಯಾವ್ದೂ ಇಲ್ವಾ?"

ಅವಳು ಹಸಿರು, ಕುಂಕುಮಗೆಂಪು ತೋರಿಸಿದಳು. ಮೀಸೆ ಮರಳಿ ಕಪ್ಪಾಯಿತು. ಅವರು ಅದನ್ನೇ ತುಸುಹೊತ್ತು ನೋಡಿ ಗಂಟಲು ಸರಿಮಾಡಿಕೊಂಡರು. "ಕನ್ನಡ ನಾಡು ಅಂದ್ರೇನೇ ಹಸಿರು ಕಣಮ್ಮಾ. ಯಾರಿಗೂ ಹೊಳೀಲೇ ಇಲ್ವಲ್ಲ!"

"ನಿಮಗ ಹೊಳೀತಲ್ರಿ, ಸಾಕು," ಎಂದು ಕೃಷ್ಣವೇಣಮ್ಮ ಕಣ್ಣು ಮುಚ್ಚಿ ಜಪ ಮುಂದುವರಿಸಿದರು.

ನೊಂದವನೊಬ್ಬನಿದ್ದ: ಹಿಂದಿನ ಗಲ್ಲಿಯ ಪ್ರೆಸ್ಸಿನ ನಿತಾಯ್ ಬಾಬು. ಫುಟ್‌ಬಾಲಿನಲ್ಲಿ ಅವನು ಈಸ್ಟ್ ಬೆಂಗಾಲಿನ ಪರಮಭಕ್ತ. ಕೆಂಪು-ಹಳದಿ ಅವನ ತಂಡದ ಬಣ್ಣ. ಹಸಿರು-ಕುಂಕುಮಗೆಂಪು ಬದ್ಧವೈರಿ ಮೋಹನ್ ಬಾಗಾನಿನದು. ಆ ಶಾಯಿಯನ್ನು ಅವನು ಮುಖ ಆಚೆ ತಿರುಗಿಸಿಕೊಂಡೇ ಮಷಿನ್ನಿಗೆ ಹಾಕಿದನಂತೆ.

ಸಂಚಿಕೆ ಬಂತು, ಸೀರೆ ಹಸಿರಾಗಿಯೇ ಬಂತು. ಹಸಿರು ತಮಗೆ ಹೊಳೆದ ಬಗೆಯನ್ನು ನರಹರಿಯವರು ವೇದಿಕೆಯಲ್ಲಿ ವಿಸ್ತಾರವಾಗಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಯಾರೆಂದು ಹೇಳಬೇಕಿಲ್ಲ.

ನೊಂದ ಜೀವಕ್ಕೆ ಸಿಹಿ ಮುಟ್ಟಿಸೋಣವೆಂದು ಅವರು ಗಂಡನೊಡನೆ ಹೋಳಿಗೆ ಡಬ್ಬಿ ಹಿಡಿದು ಪ್ರೆಸ್ಸಿಗೆ ಹೋದರು. ಒಳಗೆ ಕಾಲಿಟ್ಟವರು ಹಾಗೇ ನಿಂತರು. ಮಷಿನ್ನಿನ ಮೇಲೆ ಗೋಡೆಯಲ್ಲಿ ಗಾಜು ಹಾಕಿಸಿದ ಕಾವಿ ಸೀರೆಯ ಕೃಷ್ಣವೇಣಮ್ಮ! ಚೆಂಡುಹೂವಿನ ಹಾರ, ಮುಂದೆ ಊದಿನಕಡ್ಡಿ.

"ಶ್ರಾವ್ಯಾ ಮೊದಲು ತೆಗೆದು, ಆಮೇಲೆ ಎಸೆಯೋಕೆ ಹೊರಟಿದ್ದ ಪ್ರಿಂಟು, ನಾನೇ ಬೇಡಿ ತಂದೆ," ಎಂದು ಬಂಗಾಳಿಯಲ್ಲಿ ಹೇಳುತ್ತ ನಿತಾಯ್ ಬಾಬು ಅವರ ಕಾಲು ಮುಟ್ಟಿದ. "ನಮ್ಮ ತಂಡದ ಬಣ್ಣದ ಮಾತಾಜಿ. ಗೋಡೆಗೆ ಬಂದ ಮೇಲೆ ನಮ್ಮವರು ಸೋತೇ ಇಲ್ಲ, ಮಾ!"

ಪ್ರಾಣೇಶರಾಯರು ಗೋಡೆ ಹಿಡಿದು ನಗತೊಡಗಿದರು. ಕಿತ್ತು ಹಾಕಬೇಕೆಂದು ಕೃಷ್ಣವೇಣಮ್ಮ ಕೈ ಎತ್ತಿಯೂ ಆಗಿತ್ತು. ಆದರೆ ಊದಿನಕಡ್ಡಿಯ ಹೊಗೆ ಶ್ರದ್ಧೆಯಿಂದ ಮೇಲೇಳುತ್ತಿತ್ತು. ಯಾರ ಭಕ್ತಿಗೆ ಯಾವ ಕಲ್ಲು ಒದಗುತ್ತದೋ, ತಾಯಿಗೇ ಗೊತ್ತು. ಎತ್ತಿದ ಕೈ ಇಳಿದು ಸೊಂಟದ ಚೀಲದಿಂದ ಕುಂಕುಮದ ಭರಣಿ ತೆಗೆಯಿತು. ಗಾಜಿನ ಮೇಲಿಂದಲೇ ಚಿತ್ರದ ಹಣೆಗೆ ರೂಪಾಯಿಯಗಲದ ಬೊಟ್ಟು ಒತ್ತಿ, ಗಂಡನ ಕಡೆ ತಿರುಗಿದರು.

"ನಗಬ್ಯಾಡ್ರಿ. ಕೈ ಮುಗೀರಿ."