ಮೂರೂವರೆ ನಂಬರಿನ ಚಾಳೀಸು

ಸೂಜಿಗೆ ದಾರ ಪೋಣಿಸಲು ಅಜ್ಜಿ ನನ್ನನ್ನು ದಿನಕ್ಕೆ ಎರಡು ಸಲ ಕರೆಯುತ್ತಿದ್ದಳು. ಅದು ಇಪ್ಪತ್ತಕ್ಕೆ ಏರಿತು.

"ವಿಯಾಮ್, ಬಾರೇ ಇಲ್ಲಿ. ಈ ಸೂಜಿಗೆ ಕಣ್ಣೇ ಇಟ್ಟಿಲ್ಲ ಹಾಳಾದವರು."

"ಸೂಜಿಗೆ ಇದೆ ಅಜ್ಜಿ..."

"ಬಾಯಿ ಮುಚ್ಕೊಂಡು ಪೋಣಿಸು."

ನಮ್ಮ ಸೆಫ್ರೂ ಊರಿನಲ್ಲಿ ಹೆಂಗಸರು ಕಫ್ತಾನಿಗೆ, ಅಂದರೆ ಹಬ್ಬ-ಮದುವೆಗೆ ತೊಡುವ ನಿಲುವಂಗಿಗೆ, ರೇಷ್ಮೆ ಗುಂಡಿ ಹೆಣೆಯುತ್ತಾರೆ. ಊರೆಲ್ಲ ಮರ್ಯಾದೆಯಿಂದ ಲಲ್ಲಾ ಎಂದು ಕರೆಯುವ ನನ್ನ ಅಜ್ಜಿ ತಾಮೂ ಒಂಬತ್ತನೇ ವಯಸ್ಸಿನಿಂದ ಅದನ್ನೇ ಮಾಡುತ್ತಿದ್ದಾಳೆ. ಅಳತೆಪಟ್ಟಿ ಮುಟ್ಟಿದವಳಲ್ಲ, ಎಲ್ಲಾ ಕಣ್ಣಳತೆ. ಆದರೆ ಮನೆಮನೆಗೆ ಕೆಲಸ ಹಂಚುವ ಬತೂಲ್ ಈ ಸಲ ಮದುಮಗಳ ಕಫ್ತಾನಿಗೆಂದು ಅರವತ್ತು ಗುಂಡಿಯ ದಾರ ಕೊಡುವಾಗ ಮುಖ ಬಿಗಿದುಕೊಂಡಿದ್ದಳು.

"ಲಲ್ಲಾ ತಾಮೂ, ಕೋಪ ಮಾಡ್ಕೋಬೇಡಿ. ಹೋದ ಸಲ ನಾಲ್ಕು ಗುಂಡಿ ಸೊಟ್ಟಗಿದ್ವು. ಈ ಸಲವೂ ಹಂಗಾದ್ರೆ ನಿಮಗೆ ಇನ್ನು ಕೆಲಸ ಕೊಡೋಕಾಗಲ್ಲ."

ಅವಳು ಹೋದಮೇಲೆ ಅಜ್ಜಿ ಊಟವನ್ನೇ ಮಾಡಲಿಲ್ಲ.

ಪ್ರತಿ ಗುರುವಾರ ಕಣ್ಣು ಪರೀಕ್ಷಿಸುವ ಕನ್ನಡಕದವನು ಫೆಜ್ ಪಟ್ಟಣದಿಂದ ಬರುತ್ತಾನೆ. ಅಜ್ಜಿ ಹಿಂದೊಮ್ಮೆ ಅವನ ಹತ್ತಿರ ಹೋಗಿ, ಮೂರು ತಾಸು ಕಾದು, ಕೆಂಪು ಮುಖ ಮಾಡಿಕೊಂಡು ವಾಪಸು ಬಂದಿದ್ದಳು. "ಗೋಡೆ ಮೇಲಿನ ಅಕ್ಷರ ಓದು ಅಂತಾನೆ. ಕಣ್ಣು ಚೆನ್ನಾಗಿದ್ದಾಗಲೇ ನಂಗೆ ಅಕ್ಷರ ಬರ್ತಿರಲಿಲ್ಲ, ಈಗ ಬರುತ್ತಾ?"

ಅಷ್ಟರಲ್ಲಿ ಹೊಸ ಕಾನೂನು ಬಂತು. ಹತ್ತಿರದ್ದನ್ನು ನೋಡುವ ಚಾಳೀಸನ್ನು ಇನ್ನು ಯಾವ ಅಂಗಡಿಯಲ್ಲಾದರೂ ಮಾರಬಹುದು, ಡಾಕ್ಟರ ಚೀಟಿ ಬೇಡ, ಪರೀಕ್ಷೆ ಬೇಡ. ಮೂಲೆಯಂಗಡಿಯ ಅಲ್ಲಾಲ್ ಮಾರನೇ ದಿನವೇ ಪುದೀನ ಕಟ್ಟುಗಳ ಪಕ್ಕ ಒಂದು ಸಾಲು ಚಾಳೀಸು ತೂಗುಹಾಕಿದ. ನಾನು ಅಜ್ಜಿಯನ್ನು ಎಳೆದುಕೊಂಡು ಹೋದೆ.

"ಒಂದು, ಒಂದೂವರೆ, ಎರಡು, ಹೀಗೆ ಮೂರೂವರೆವರೆಗೂ ಇದೆ ಲಲ್ಲಾ," ಎಂದ ಅಲ್ಲಾಲ್.

"ಬೆಲೆ?"

"ಎಲ್ಲಾದಕ್ಕೂ ಒಂದೇ."

ಅಜ್ಜಿ ಅವನನ್ನೇ ದಿಟ್ಟಿಸಿದಳು. "ಒಂದೇ ಬೆಲೆಗೆ ಮೂರೂವರೆ ಸಿಗುವಾಗ ಒಂದನ್ನ ಯಾವ ದಡ್ಡ ತಗೋತಾನೆ? ಮೂರೂವರೇದೇ ಕೊಡು."

ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ನಾನು ಏನು ಮಾಡಿದೆ? ಅಜ್ಜಿಯ ವ್ಯಾಪಾರಬುದ್ಧಿಗೆ ಚಪ್ಪಾಳೆ ತಟ್ಟಿದೆ.

ಬೀದಿಯಲ್ಲೇ ಅದನ್ನು ಹಾಕಿಕೊಂಡು ಅಜ್ಜಿ ನನ್ನ ಗಲ್ಲ ಹಿಡಿದು ಹತ್ತಿರಕ್ಕೆ ಎಳೆದಳು. "ಅಯ್ಯೋ ದೇವರೇ, ಏನೇ ಇದು ಮುಖದ ತುಂಬ?"

"ಮೊಡವೆ ಅಜ್ಜಿ."

"ಯಾವಾಗಿಂದ?"

"ಎರಡು ವರ್ಷ ಆಯ್ತು."

ಆಮೇಲೆ ಹತ್ತು ದಿನ ನನ್ನನ್ನು ಕರೆಯುವವರೇ ಇಲ್ಲ. ಅಜ್ಜಿ ಗುಂಡಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಹಾಡಿಕೊಳ್ಳುತ್ತಾ ಹೆಣೆದಳು. ಒಂದು ಎಳೆಯೂ ತಪ್ಪಲಿಲ್ಲ.

ಸೋಮವಾರ ಬತೂಲ್ ಕಫ್ತಾನನ್ನೇ ಹೊತ್ತುಕೊಂಡು ಬಂದಳು. ಅಜ್ಜಿ ಹೆಣೆದ ಒಂದು ಗುಂಡಿಯನ್ನು ಅದರ ಕುಣಿಕೆಗೆ ತೂರಿಸಿದಳು. ಅದು ಜಾರಿ ಹೊರಬಂತು. ಇನ್ನೊಂದು. ಅದೂ ಜಾರಿತು.

"ಲಲ್ಲಾ, ಇದು ಮದುಮಗಳಿಗೋ ಗೊಂಬೆಗೋ? ಜನರ ಮುಂದೆ ಕೂತಾಗ ಎದೆ ತೆರ್ಕೊಂಡ್ರೆ ಏನು ಗತಿ?"

ಅಜ್ಜಿ ಗುಂಡಿಗಳನ್ನು ಅಂಗೈಯಲ್ಲಿ ಹರವಿ ನೋಡಿದಳು, ಸರಿಯಾಗೇ ಇದ್ದವು. ಚಾಳೀಸು ತೆಗೆದು ನೋಡಿದಳು. ಬಟಾಣಿಯಷ್ಟಿದ್ದ ಗುಂಡಿಗಳೆಲ್ಲ ಮೆಣಸಿನಕಾಳಾಗಿದ್ದವು. ಗಾಜು ದೊಡ್ಡದಾಗಿ ತೋರಿಸಿದಷ್ಟೂ ಅವಳ ಕೈ ಚಿಕ್ಕದಾಗಿ ಹೆಣೆದಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಇದಕ್ಕೇ ಹೇಳೋದು, ಚಾಳೀಸು ಸೋಪು ಮಾರೋನ ಹತ್ರ ಸಿಗಬಾರ್ದು ಅಂತ," ಎಂದು ಬತೂಲ್ ಉಳಿದ ದಾರಕ್ಕೆ ಕೈಯೊಡ್ಡಿದಳು.

ಅಜ್ಜಿ ಕೊಡಲಿಲ್ಲ. "ಸೋಪು ಮಾರೋನು ಮನೆ ಪಕ್ಕದಲ್ಲಿದಾನೆ. ಇನ್ನೊಬ್ಬ ಗುರುವಾರ ಬರ್ತಾನೆ, ಬಂದು ಅಕ್ಷರ ಕೇಳ್ತಾನೆ. ತಪ್ಪು ಗಾಜಿನದ್ದಲ್ಲ, ನನ್ನ ದುರಾಸೇದು. ಕಫ್ತಾನು ಇಲ್ಲೇ ಬಿಡು. ಗುರುವಾರ ಸಂಜೆ ಬಾ. ಗುಂಡಿ ಸರಿ ಆಗ್ಲಿಲ್ಲ ಅಂದ್ರೆ ಆಮೇಲೆ ನನ್ನ ಬಾಗಿಲು ತಟ್ಟಬೇಡ."

ಬತೂಲ್ ಹೊರಟ ತಕ್ಷಣ ನಾವು ಅಂಗಡಿಗೆ ಹೋದೆವು. ಅಜ್ಜಿ ಗೋಧಿರವೆಯ ಮೂಟೆಯ ಮೇಲೆ ಕುಳಿತು, ಕಫ್ತಾನನ್ನು ತೊಡೆಯ ಮೇಲೆ ಹರಡಿ, ಸೂಜಿ ತೆಗೆದಳು.

"ಇದು ಅಂಗಡಿ ಲಲ್ಲಾ, ನಿಮ್ಮ ನಡುಮನೆ ಅಲ್ಲ," ಎಂದು ಅಲ್ಲಾಲ್ ಗೊಣಗಿದ.

"ಒಂದನೇ ನಂಬರು ಕೊಡು."

ಒಂದರಲ್ಲಿ ಸೂಜಿ ಬೆರಳಿಗೆ ಚುಚ್ಚಿತು. ಒಂದೂವರೆಯಲ್ಲಿ ಹೆಣೆದ ಗುಂಡಿ ಕುಣಿಕೆಯೊಳಗೆ ಹೋಗಲೇ ಇಲ್ಲ. ಎರಡರಲ್ಲಿ ಹೆಣೆದದ್ದು ಸ್ವಲ್ಪ ತಡೆದು, ಒಳಗೆ ಹೋಗಿ, ಗಟ್ಟಿಯಾಗಿ ನಿಂತಿತು. ಅಜ್ಜಿ ಎಳೆದಳು, ನಾನು ಎಳೆದೆ. ಬರಲಿಲ್ಲ.

"ಇದು. ಆ ಮೂರೂವರೇದನ್ನ ವಾಪಸ್ ತಗೋ."

"ಹಾಕ್ಕೊಂಡಿದ್ದನ್ನ ತಗೊಳ್ಳಲ್ಲ ಲಲ್ಲಾ."

"ಒಂದು ಗೆರೆ ಬಿದ್ದಿದ್ರೆ ತೋರ್ಸು."

ಅಲ್ಲಾಲ್ ಗೆರೆ ಹುಡುಕಿದ, ಕಾಣಲಿಲ್ಲ. ಆ ಚಾಳೀಸನ್ನು ಮೂಗಿಗೇರಿಸಿಕೊಂಡು ಗಲ್ಲಾದ ಮೇಲೆ ಬಗ್ಗಿದವನು ಹಾಗೇ ನಿಂತ. "ಯಾ ಲತೀಫ್, ದೇವರೇ! ನನ್ನ ಅಂಗಡಿ ಇಷ್ಟು ಕೊಳಕಾ?"

"ಅದು ನಮಗೆಲ್ಲಾ ಚಾಳೀಸಿಲ್ಲದೇನೇ ಕಾಣ್ತಿತ್ತು," ಎಂದಳು ಅಜ್ಜಿ. ಅವನು ಬದಲಾಯಿಸಿಕೊಟ್ಟ.

ಆ ಮೂರು ದಿನ ಅಜ್ಜಿ ಹಗಲೂ ರಾತ್ರಿ ಕೂತು, ಚಿಕ್ಕ ಗುಂಡಿಗಳನ್ನು ಬಿಚ್ಚಿ, ಅರವತ್ತನ್ನೂ ಮತ್ತೆ ಹೆಣೆದು ಕಫ್ತಾನಿಗೆ ಹೊಲಿದಳು; ಅಡುಗೆ ನನ್ನದು. ಯಾರೂ ಹೊಗಳಲಿಲ್ಲ.

ಗುರುವಾರ ಸಂಜೆ ಬತೂಲ್ ನಿಂತುಕೊಂಡೇ ಕಫ್ತಾನಿನ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೆ ಹಾಕಿದಳು. ಎರಡೂ ಅಂಚು ಹಿಡಿದು ಜಗ್ಗಿದಳು. ಒಂದೂ ಬಿಚ್ಚಲಿಲ್ಲ. ಕುಳಿತು, ಚೀಲದಿಂದ ಹಸಿರು ರೇಷ್ಮೆಯ ಲಡಿ ತೆಗೆದು ಅಜ್ಜಿಯ ಮಡಿಲಿಗೆ ಹಾಕಿದಳು.

"ಮದುಮಗಳ ತಾಯಿಗೂ ಬೇಕಂತೆ."

ಅಜ್ಜಿ ಲಡಿ ಬಿಚ್ಚಿ, ಎಳೆಯನ್ನು ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿ ವಾಪಸು ಚಾಚಿದಳು.

"ಇದರಲ್ಲಿ ಗಂಟಿದೆ ಬತೂಲ್. ಬೇರೆ ತಾ."

"ಗಂಟಾ? ಎಲ್ಲಿ?" ಬತೂಲ್ ದಾರವನ್ನು ಕಣ್ಣ ಹತ್ತಿರ ತಂದಳು. ಆಮೇಲೆ ಕೈಯನ್ನು ಮೆಲ್ಲಗೆ ದೂರ, ಇನ್ನೂ ದೂರ ಚಾಚಿದಳು.