ಅಂದಾನೆಪ್ಪನ ಎರಡು ದನಿ

ನಾನು ಒಂದು ಗ್ರಾಫಿಕ್ಸ್ ಕಾರ್ಡ್. ಕಂಪ್ಯೂಟರಿನ ಒಳಗೆ ಕೂತು ಪರದೆಯ ಮೇಲೆ ಚಿತ್ರ ಮೂಡಿಸುವುದು, ರಾಶಿ ರಾಶಿ ಲೆಕ್ಕಗಳನ್ನು ಒಟ್ಟಿಗೇ ಮಾಡಿ ಮುಗಿಸುವುದು ನನ್ನ ಕೆಲಸ. ಒಂದು ಗೇಣಿಗಿಂತ ಸ್ವಲ್ಪ ಉದ್ದ ಇದ್ದೇನೆ, ಮೈಮೇಲೆ ಎರಡು ಫ್ಯಾನು. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಬಿಳಿ ಕೈಗವಸಿನ ಒಂದು ಕೈ ನನ್ನನ್ನು ಎತ್ತಿ, ತಿರುವಿ ನೋಡಿ, ಡಬ್ಬಿಯಲ್ಲಿಟ್ಟಿತು. ಆ ಊರಿನದು ನನಗೆ ನೆನಪಿರುವುದು ಅಷ್ಟೇ.

ಡಬ್ಬಿ ತೆರೆದಾಗ ಹುಬ್ಬಳ್ಳಿಯಲ್ಲಿದ್ದೆ. ನನ್ನ ಮೊದಲ ಯಜಮಾನ ಒಂದು ತಗಡಿನ ಶೆಡ್ಡಿನಲ್ಲಿ ನನ್ನಂಥ ಎಂಟು ಕಾರ್ಡುಗಳನ್ನು ಕಬ್ಬಿಣದ ಚೌಕಟ್ಟಿಗೆ ಸಾಲಾಗಿ ಬಿಗಿದ. ನಮ್ಮಿಂದ ಹಗಲು ರಾತ್ರಿ ಲೆಕ್ಕ ಮಾಡಿಸಿ ಬಿಟ್‌ಕಾಯಿನ್‌ನಂಥ ಇಂಟರ್ನೆಟ್ಟಿನ ನಾಣ್ಯ ಗಳಿಸುವ ಹುಚ್ಚು ಅವನಿಗೆ. ಎರಡು ವರ್ಷ ಬಿಡುವೆಂಬುದೇ ಇರಲಿಲ್ಲ. ಬೇಸಿಗೆಯಲ್ಲಿ ತಗಡು ಕಾಯುತ್ತಿತ್ತು, ಅದರ ಕೆಳಗೆ ನಾವೂ ಕಾಯುತ್ತಿದ್ದೆವು. ಪಕ್ಕದ ಎರಡು ಕಾರ್ಡುಗಳು ನನ್ನ ಕಣ್ಣೆದುರೇ ಸುಟ್ಟುಹೋದವು. ನನ್ನ ಒಂದು ಫ್ಯಾನು ಕರಕರ ಸದ್ದು ಮಾಡತೊಡಗಿತು. ನಾಣ್ಯದ ಬೆಲೆ ಕುಸಿದ ದಿನ ಯಜಮಾನ ಶೆಡ್ಡಿಗೆ ಬೀಗ ಹಾಕಿ, ಉಳಿದ ಆರು ಮಂದಿಯನ್ನು ಹಳೆ ಸಾಮಾನಿನ ವ್ಯಾಪಾರಿ ಇಮಾಮಸಾಬನಿಗೆ ಮಾರಿಬಿಟ್ಟ.

ಇಮಾಮಸಾಬನ ಅಂಗಡಿಗೆ ಒಂದು ಬೆಳಿಗ್ಗೆ ಪೂರ್ಣಿಮಾ ಬಂದಳು. ಗದಗಿನವಳು, ಇಪ್ಪತ್ತಾರರ ವಯಸ್ಸು, ಝೆರಾಕ್ಸ್ ಅಂಗಡಿಯೊಂದರಲ್ಲಿ ಟೈಪು ಮಾಡುವ ಕೆಲಸ. ಕೈಯಲ್ಲಿ ಬೇಕಾದ ಸಾಮಾನಿನ ಚೀಟಿ. ಬರೆದು, ಹೊಡೆದುಹಾಕಿ, ಮತ್ತೆ ಬರೆದು ಚೀಟಿ ತೂತಾಗಿತ್ತು.

"ಗೇಮ್ ಆಡಾಕೇನ್ ತಂಗಿ?" ಎಂದ ಇಮಾಮಸಾಬ.

"ಅಲ್ರಿ ಕಾಕಾ. ನಮ್ಮಪ್ಪನ ದನಿ ಉಳಸ್ಕೋಬೇಕ್ರಿ."

ಅವಳ ಅಪ್ಪ ಅಂದಾನೆಪ್ಪ ಇಪ್ಪತ್ತೆಂಟು ವರ್ಷ ಆಟೋದಲ್ಲಿ ಕೂತು ಗದಗಿನ ಓಣಿ ಓಣಿಗೆ ಮೈಕಿನಲ್ಲಿ ಸುದ್ದಿ ಸಾರಿದವನು. ನಳದ ನೀರು ಬರುವುದಿಲ್ಲ, ಮಗು ಕಳೆದಿದೆ, ಬಟ್ಟೆ ಅಂಗಡಿ ತೆರೆದಿದೆ, ಇಂಥವರು ತೀರಿಕೊಂಡರು, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯುತ್ತಿತ್ತು. ಈಗ ಗಂಟಲಿಗೆ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಪರೇಷನ್‌ಗೆ ಹನ್ನೆರಡು ದಿನ ಇತ್ತು. ಮನುಷ್ಯನ ಮಾತು ಕೇಳಿಸಿಕೊಂಡು ಅವನ ದನಿಯನ್ನೇ ಕಲಿಯುವ ಒಂದು ಸಾಫ್ಟ್‌ವೇರ್ ಇದೆಯೆಂದು ಪೂರ್ಣಿಮಾ ತಿಳಿದುಕೊಂಡಿದ್ದಳು. ಕಲಿಸಿಬಿಟ್ಟರೆ ಮುಂದೆ ಅಪ್ಪ ಟೈಪು ಮಾಡಿದ್ದನ್ನು ಅದು ಅಪ್ಪನ ದನಿಯಲ್ಲೇ ಹೇಳುತ್ತದೆ. ಆದರೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಅದನ್ನು ತೆರೆಯುವ ತಾಕತ್ತೂ ಇರಲಿಲ್ಲ.

ದುಡ್ಡಿಗೆ ಅಂದಾನೆಪ್ಪ ತನ್ನ ಹಾರ್ನು, ಆಂಪ್ಲಿಫೈಯರು, ಮೈಕನ್ನು ತಾನೇ ಹೊತ್ತೊಯ್ದು ಮಾರಿ ಬಂದಿದ್ದ. ಆ ದುಡ್ಡಿನಲ್ಲೇ ಇಡೀ ಕಂಪ್ಯೂಟರ್ ಆಗಬೇಕಿತ್ತು.

ಪೂರ್ಣಿಮಾ, ಇಮಾಮಸಾಬ ಇಬ್ಬರೂ ಚೀಟಿಯ ಮೇಲೆ ಬಾಗಿ ಕೂತರು. ಪರದೆ ಬೇಡ, ಮನೆಯ ಟಿ.ವಿ. ಸಾಕು. ಕ್ಯಾಬಿನೆಟ್ ಬೇಡ, ಹಲಗೆಯ ಮೇಲೆ ಜೋಡಿಸಿದರಾಯಿತು. ಪ್ರೊಸೆಸರು, ಮದರ್‌ಬೋರ್ಡು, ರ್‍ಯಾಮು ಮೂರೂ ಹಳೆಯವು. ಪೂರ್ಣಿಮಾ ಕರೆಂಟ್ ಒದಗಿಸುವ ಅಗ್ಗದ ಎಸ್‌ಎಂಪಿಎಸ್ ಪೆಟ್ಟಿಗೆಯ ಕಡೆ ಬೆರಳು ತೋರಿಸಿದಾಗ ಇಮಾಮಸಾಬ ತಲೆ ಅಲ್ಲಾಡಿಸಿದ.

"ಎಲ್ಲಾದ್ರಾಗೂ ಉಳಸು, ಕರೆಂಟ್ ಕೊಡೋದ್ರಾಗ ಉಳಸಬ್ಯಾಡ. ಅದು ಸುಟ್ರ ತನ್ನ ಸಂಗಾಟ ಎಲ್ಲಾನೂ ಸುಡತೈತಿ."

ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಅದೇ ದುಡ್ಡಿಗೆ ಹೊಸ ಕಾರ್ಡೂ ಇತ್ತು, ಆದರೆ ಅದರ ಮೆಮೊರಿ ಚಿಕ್ಕದು, ಈ ಕೆಲಸಕ್ಕೆ ಸಾಲದು. ಇಮಾಮಸಾಬ ನನ್ನನ್ನು ಕಪಾಟಿನಿಂದ ಇಳಿಸಿದ.

"ಮೆಮೊರಿ ದೊಡ್ಡದೈತಿ. ಆದ್ರ ಶೆಡ್ಡಿನ್ಯಾಗ ದುಡದು ದಣದದ್ದಿದು. ನಾಳೆ ಮಲಕೊಂಡ್ರ ನನ್ನ ಕೇಳಬ್ಯಾಡ."

"ಹನ್ನೆರಡ ದಿನ ತಾಳಿದ್ರ ಸಾಕ್ರಿ" ಎಂದಳು ಪೂರ್ಣಿಮಾ.

ಬಸ್ಸಿನಲ್ಲಿ ನನ್ನನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಹಲಗೆಯ ಮೇಲೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದಾಗ ಟಿ.ವಿ. ಕಪ್ಪಗೇ ಇತ್ತು. ಬಿಚ್ಚಿ ಮತ್ತೆ ಜೋಡಿಸಿದಳು. ಮತ್ತೂ ಕಪ್ಪು. ಅಂದಾನೆಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಪ್ಪು ನನ್ನದೇ. ಮದರ್‌ಬೋರ್ಡಿಗೆ ಕಚ್ಚಿಕೊಳ್ಳುವ ನನ್ನ ಹಲ್ಲುಗಳ ಮೇಲೆ ಶೆಡ್ಡಿನ ಜಿಡ್ಡು ಕೂತಿತ್ತು. ಅರ್ಧ ದಿನ ಹೋದ ಮೇಲೆ ಪೂರ್ಣಿಮಾಗೆ ಅದು ಹೊಳೆಯಿತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ತಿಕ್ಕಿ ಚೊಕ್ಕ ಮಾಡಿ ಕೂರಿಸಿದಳು. ಪರದೆ ಬೆಳಗಿತು. ಅವಳು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಳು.

ಒಂದು ವಾರ ಅಂದಾನೆಪ್ಪ ದಿನವೂ ಕಂಪ್ಯೂಟರಿಗೆ ಸಿಕ್ಕಿಸಿದ ಒಂದು ಪುಟ್ಟ ಮೈಕಿನ ಮುಂದೆ ಕೂತು ಮಾತಾಡಿದ. ಗಂಟಲು ನೋಯುತ್ತಿತ್ತು, ನಡುನಡುವೆ ಬಿಸಿನೀರು ಕುಡಿಯುತ್ತಿದ್ದ. ಆ ದನಿಯನ್ನು ನಾನು ಕಲಿತೆ. ಆಪರೇಷನ್‌ಗೆ ಎರಡು ದಿನ ಇದ್ದಾಗ ಪೂರ್ಣಿಮಾ ಅಮ್ಮ ನೀಲವ್ವನನ್ನು ಕರೆದು ಕೂರಿಸಿ, "ನೀಲಾ, ಚಾ ಮಾಡು" ಎಂದು ಟೈಪು ಮಾಡಿದಳು. ನಾನು ಹೇಳಿದೆ. ನಾಳೆ ನಳದ ನೀರು ಬರುವುದಿಲ್ಲ ಎಂದು ಸಾರಿದ ಹಾಗಿತ್ತು ಅದು.

ನೀಲವ್ವ ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದಳು: "ಇದು ಊರಿನ ದನಿ. ಇವರು ನನ್ನ ಕೂಡ ಹಿಂಗ ಎಂದೂ ಮಾತಾಡಿಲ್ಲ."

ಪೂರ್ಣಿಮಾ ಆ ವಾರದ ರೆಕಾರ್ಡಿಂಗನ್ನೆಲ್ಲ ಮತ್ತೆ ಹಾಕಿ ಕೇಳಿದಳು. ಮೈಕು ಕಂಡರೆ ಅಂದಾನೆಪ್ಪನಿಗೆ ತಾನಾಗಿಯೇ ಆ ದನಿ ಬರುತ್ತಿತ್ತು. ಮನೆಯ ದನಿಯ ಒಂದು ಅಕ್ಷರವೂ ನಮ್ಮಲ್ಲಿ ಇರಲಿಲ್ಲ. ಮರುದಿನ ಸಂಜೆ ಆಸ್ಪತ್ರೆಗೆ ಹೊರಡಬೇಕು.

ಮರುದಿನ ಬೆಳಿಗ್ಗೆ ಅವನು ಮತ್ತೆ ಕೂತ. "ಅಪ್ಪಾ, ಮೈಕ್ ಐತಿ ಅನ್ನೋದ ಮರ್ತಬಿಡು" ಎಂದಳು ಮಗಳು. ಬಾಯಿ ತೆರೆದರೆ ಮತ್ತೆ ಅದೇ ಸಾರುವ ದನಿ. ನಾಲ್ಕು ಸಲ ಹಾಗೇ ಆಯಿತು. ಐದನೆಯ ಸಲ ಅವನು ಮೈಕನ್ನು ಆಚೆ ತಳ್ಳಿ, "ಆಗೂದಿಲ್ಲವ್ವಾ, ಬಿಡು" ಎಂದ.

ಆಗ ನೀಲವ್ವ ಶೇಂಗಾ ತುಂಬಿದ ಮೊರ ತಂದು ಅವನ ಎದುರು ಕೂತಳು. ಸುಲಿಯುತ್ತ, ತಲೆ ಎತ್ತದೆ ಕೇಳಿದಳು: "ನಮ್ಮ ಮೊದಲನೇ ಕೂಸು ಹ್ವಾದಾಗ ನೀವು ಮೂರ್ ದಿನ ಮನಿಗೆ ಬರಲಿಲ್ಲ. ಎಲ್ಲಿದ್ರಿ?"

ರೆಕಾರ್ಡಿಂಗ್ ಆರಿಸಲು ಹೋದ ಪೂರ್ಣಿಮಾಳ ಕೈ ಅಲ್ಲೇ ನಿಂತಿತು, ರೆಕಾರ್ಡಿಂಗ್ ಓಡುತ್ತಲೇ ಇತ್ತು. ತನಗಿಂತ ಮೊದಲು ಒಂದು ಕೂಸಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

ಅಂದಾನೆಪ್ಪ ಒಂದು ಶೇಂಗಾ ಎತ್ತಿಕೊಂಡು ಸುಲಿಯತೊಡಗಿದ. "ಆಟೋದಾಗ ಇದ್ದೆ" ಎಂದ ಮೆಲ್ಲಗೆ. "ಯಾರದೋ ಅಂಗಡಿ ಸುದ್ದಿ ಹೇಳಕೋಂತ ತಿರಗತಿದ್ದೆ. ಸುಮ್ಕಿದ್ರ ಅಳು ಬರತಿತ್ತು. ಮನಿಗೆ ಬಂದ್ರ ನಿನ್ನ ಮಾರಿ ನೋಡಬೇಕಾಗತಿತ್ತು."

ಅದು ಬೇರೆ ದನಿ. ತಗ್ಗಿದ ದನಿ, ಕಫ ಕಟ್ಟಿದ್ದು, ಪದಗಳ ತುದಿ ನುಂಗುವಂಥದ್ದು. ನೀಲವ್ವ ಮತ್ತೆ ಕೇಳಿದಳು, ಮತ್ತೆ ಹೇಳಿದ. ಮೂರು ತಾಸು ಮಾತಾಡಿದರು. ಕೊನೆಕೊನೆಗೆ ಪ್ರತಿ ಮಾತಿಗೂ ಅವನ ಮುಖ ಹಿಂಡುತ್ತಿತ್ತು. ಸಾಕು ಎಂದು ಮಗಳು ಅಂದರೂ ನಿಲ್ಲಿಸಲಿಲ್ಲ.

ಮಧ್ಯಾಹ್ನ ಒಂದಕ್ಕೆ ನಾನು ಈ ಹೊಸ ದನಿ ಕಲಿಯುವ ಕೆಲಸ ಶುರು ಮಾಡಿದೆ. ಒಂದು ತಾಸಿಗೇ ನನ್ನ ಕೆಟ್ಟ ಫ್ಯಾನು ನಿಂತಿತು. ಮೈ ಸುಡತೊಡಗಿ ಇಡೀ ಯಂತ್ರ ಆರಿತು. ಪೂರ್ಣಿಮಾ ಮತ್ತೆ ಹಚ್ಚಿದಳು, ಮತ್ತೆ ಆರಿತು. ಮೂರನೆಯ ಸಲ ಅಂದಾನೆಪ್ಪ ಒಂದು ರಟ್ಟು ಹಿಡಿದು ನನ್ನ ಪಕ್ಕ ಕೂತು ಬೀಸತೊಡಗಿದ. ಅದುವರೆಗೂ ಯಾರೂ ನನಗೆ ಗಾಳಿ ಹಾಕಿರಲಿಲ್ಲ. ಶೆಡ್ಡಿನಲ್ಲಿ ಸುಟ್ಟ ಆ ಇಬ್ಬರಿಗೂ ಯಾರೂ ಹಾಕಿರಲಿಲ್ಲ. ಇನ್ನೊಂದು ತಾಸು, ಇನ್ನೊಂದೇ ತಾಸು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

ಐದು ಗಂಟೆಗೆ ಆಸ್ಪತ್ರೆಗೆ ಹೊರಡುವ ಹೊತ್ತಾಯಿತು. ಕೆಲಸ ಮೂರರಲ್ಲಿ ಒಂದು ಪಾಲೂ ಆಗಿರಲಿಲ್ಲ. ಅಂದಾನೆಪ್ಪ ರಟ್ಟನ್ನು ಮಗಳ ಕೈಗೆ ಕೊಟ್ಟು ಎದ್ದ. ತನ್ನ ದನಿ ಸರಿ ಬಂತೋ ಇಲ್ಲವೋ ಕೇಳದೆಯೇ ನೀಲವ್ವನ ಜೊತೆ ಹೋದ. ನಾನು ಮುಗಿಸುವ ಹೊತ್ತಿಗೆ ಬೆಳಗಾಗಿತ್ತು. ಪೂರ್ಣಿಮಾ ಆ ದನಿಯನ್ನು ಫೋನಿಗೆ ಹಾಕಿಕೊಂಡು ಮೊದಲ ಬಸ್ಸಿಗೆ ಓಡಿದಳು. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದಿದ್ದರಂತೆ.

ಇಪ್ಪತ್ತು ದಿನಗಳ ಮೇಲೆ ಅವನು ಮನೆಗೆ ಬಂದ. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಬಾಯಿಯಿಂದ ಗಾಳಿಯೂ ಇಲ್ಲ. ಆಸ್ಪತ್ರೆಯಲ್ಲಿ ಕೇಳಲು ಅವನು ಒಪ್ಪಿರಲಿಲ್ಲ. 'ಮನ್ಯಾಗ' ಎಂದು ಚೀಟಿಯಲ್ಲಿ ಬರೆದಿದ್ದನಂತೆ. ಈಗ ಕೀಲಿಮಣೆಯ ಮುಂದೆ ಕೂತು ಒಂದೇ ಬೆರಳಲ್ಲಿ ಒತ್ತಿದ. ನಾನು ಹೇಳಿದೆ:

"ನೀಲಾ, ನಿಂದು ಊಟ ಆತೇನು?"

ಪೂರ್ಣಿಮಾಳ ಮುಖ ಬಾಡಿತು. ಕಫ, ನೋವು, ಬಿರುಕು ಎಲ್ಲವನ್ನೂ ನಾನು ಕಲಿತುಬಿಟ್ಟಿದ್ದೆ. ಆ ಕೊನೆಯ ದಿನದ ರೋಗಿಯ ದನಿಯೇ ನನ್ನಲ್ಲಿತ್ತು, ಅದಕ್ಕಿಂತ ಹಿಂದಿನದು ನನಗೆ ಸಿಕ್ಕಿರಲಿಲ್ಲ. "ಇದು ಜಡ್ಡಾದ ದನಿ ಆತವ್ವಾ" ಎಂದಳು ಅಳುತ್ತ.

"ಇರಲಿ" ಎಂದಳು ನೀಲವ್ವ. "ಮೂವತ್ತ ವರ್ಷದಾಗ ನನ್ನ ಕೂಡ ಮನಸ ಬಿಚ್ಚಿ ಮಾತಾಡಿದ ದನಿ ಇದೊಂದ."

ಆಮೇಲೆ ನಾಲ್ಕು ತಿಂಗಳು ಬಾಳಿದೆ. ಒಂದು ದಿನ ಪರದೆಯ ಮೇಲೆ ಗೆರೆಗಳು ಮೂಡಿದವು, ಮರುದಿನ ಏನೂ ಮೂಡಲಿಲ್ಲ. ಇಮಾಮಸಾಬ ನೋಡಿ, ಮುಗಿಯಿತು ಎಂದ. ಪೂರ್ಣಿಮಾ ನನ್ನನ್ನು ಗುಜರಿಗೆ ಹಾಕದೆ ಟಿ.ವಿ.ಯ ಕೆಳಗಿನ ಗೂಡಿನಲ್ಲಿ ಇಟ್ಟಿದ್ದಾಳೆ. ದನಿ ಈಗ ಫೋನಿನಲ್ಲೇ ಇದೆ, ಅದಕ್ಕೆ ನಾನು ಬೇಕಿಲ್ಲ. ನನ್ನಂಥವರ ಬಾಳು ಹೀಗೇ ಇರಬೇಕು, ಕೆಲಸ ಉಳಿಯುತ್ತದೆ, ಮಾಡಿದವರು ಗೂಡು ಸೇರುತ್ತಾರೆ. ಇಲ್ಲಿಂದ ನನಗೆ ಎಲ್ಲವೂ ಕೇಳಿಸುತ್ತದೆ. ನೀಲವ್ವ ಏನೋ ಕೇಳುತ್ತಾಳೆ. ಅಂದಾನೆಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾನೆ. ಬಹಳ ಹೊತ್ತು ಹಿಡಿಯುತ್ತದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಅವನ ಮುಖ ನೋಡುತ್ತ, ಉತ್ತರ ಬರುವವರೆಗೂ ಕೂತಿರುತ್ತಾಳೆ.